ಚಿಕ್ಕ ಕ್ಯಾಬಿನೆಟ್‌ನ ಮನೆ ಸರ್ವರ್: ಡಿಸ್ಕ್ ಕೆಟ್ಟಿದೆಯೋ, ಪೆಟ್ಟಿಗೆಯೇ ಕೆಡಿಸುತ್ತಿದೆಯೋ?

ಮನೆಯವರ ಫೋಟೋ, ವಿಡಿಯೋ, ಆಫೀಸಿನ ಫೈಲು ಎಲ್ಲ ಒಂದೇ ಕಡೆ ಇರಲಿ ಅಂತ ಸ್ಟೋರೇಜ್ ಸರ್ವರ್ ಕಟ್ಟಿದ್ದೀರಿ. ಮಿನಿ ಐಟಿಎಕ್ಸ್ ಎಂಬ ಚಿಕ್ಕ ಅಳತೆಯ ಮದರ್‌ಬೋರ್ಡ್, ನಾಲ್ಕೋ ಐದೋ ಹಾರ್ಡ್ ಡಿಸ್ಕ್, ಟಿವಿ ಪಕ್ಕದಲ್ಲಿ ಕೂರುವಷ್ಟು ಚಿಕ್ಕ ಕ್ಯಾಬಿನೆಟ್. ಕೆಲವು ತಿಂಗಳು ತಕರಾರಿಲ್ಲದೆ ನಡೆಯಿತು. ಆಮೇಲೆ ಒಂದು ದಿನ ‘ಪೂಲ್ ಡಿಗ್ರೇಡೆಡ್’, ಅಂದರೆ ಒಟ್ಟುಗೂಡಿಸಿದ ಡಿಸ್ಕ್‌ಗಳಲ್ಲಿ ಒಂದು ಕೈ ಕೊಟ್ಟಿದೆ, ಅಂತ ಮೆಸೇಜ್ ಬಂತು. ಡಿಸ್ಕ್ ಹೋಯಿತು ಅಂದುಕೊಂಡು ಹೊಸದು ತಂದು ಹಾಕಿದಿರಿ. ಸ್ವಲ್ಪ ದಿನಕ್ಕೆ ಅದೂ ಅದೇ ರಾಗ ಹಾಡಿತು.

ಗೆಳೆಯರ, ನೆಂಟರ ಮನೆಗಳಲ್ಲಿ ಇಂಥ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಗಿದೆ. ಚಿಕ್ಕ ಕ್ಯಾಬಿನೆಟ್‌ನಲ್ಲಿ ಡಿಸ್ಕ್ ದೂರು ಹೇಳಿದರೆ ಮೊದಲು ಅನುಮಾನ ಪಡಬೇಕಾದದ್ದು ಕ್ಯಾಬಿನೆಟ್ ಮೇಲೆ. ಗಾಳಿ ಓಡಾಡುತ್ತಿಲ್ಲ, ಕೇಬಲ್ ಮಡಚಿಕೊಂಡಿದೆ, ಕರೆಂಟ್ ಸಾಲುತ್ತಿಲ್ಲ, ಹೆಚ್ಚಾಗಿ ಈ ಮೂರರಲ್ಲಿ ಒಂದು ಇರುತ್ತದೆ. ಡಿಸ್ಕ್ ನಿಜವಾಗಿಯೂ ಕೆಟ್ಟಿರುವುದೂ ಉಂಟು. ಆದರೆ ಅದನ್ನು ಖಚಿತಮಾಡಿಕೊಳ್ಳದೆ ಸಾವಿರಾರು ರೂಪಾಯಿ ಸುರಿಯಬಾರದು. ಯಾವ ಲಕ್ಷಣ ಯಾವ ದೋಷದ್ದು ಎಂದು ಬೇರ್ಪಡಿಸುವ ದಾರಿ ಇಲ್ಲಿದೆ. ಹೊಸ ಕ್ಯಾಬಿನೆಟ್ ಕೊಳ್ಳಲು ಹೊರಟವರಿಗೂ ಇದೇ ಲೆಕ್ಕ ಬೇಕಾಗುತ್ತದೆ. ಅದು ಕೊನೆಯ ಭಾಗದಲ್ಲಿದೆ.

ಕೈ ಹಾಕುವ ಮುಂಚೆ

ಮೊದಲ ಕೆಲಸ ಬ್ಯಾಕಪ್. ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ರೇಡ್ ಇದೆಯಲ್ಲ ಅಂತ ಸುಮ್ಮನಿರಬೇಡಿ. ಡಿಗ್ರೇಡ್ ಆದ ಪೂಲ್‌ನಲ್ಲಿ ಕೇಬಲ್ ಕಿತ್ತು ಹಾಕುವಾಗ ಪಕ್ಕದ ಡಿಸ್ಕ್ ಅಲುಗಿದರೂ ಕೆಲಸ ಕೆಟ್ಟಿತು. ಬೇರೆಲ್ಲೂ ಪ್ರತಿ ಇಲ್ಲದ ಫೈಲುಗಳನ್ನಾದರೂ ಒಂದು ಯುಎಸ್‌ಬಿ ಡಿಸ್ಕಿಗೆ ಇಳಿಸಿಕೊಳ್ಳಿ. ಡಿಸ್ಕ್ ಆಗಲೇ 55 ಡಿಗ್ರಿ ತೋರಿಸುತ್ತಿದ್ದರೆ ಟೇಬಲ್ ಫ್ಯಾನನ್ನು ಕ್ಯಾಬಿನೆಟ್‌ನ ಮುಂದಿಟ್ಟು ಜೋರಾಗಿ ಬಿಟ್ಟು, ಆಮೇಲೆ ಕಾಪಿ ಶುರುಮಾಡಿ.

ಎರಡನೆಯದು ಸೀರಿಯಲ್ ನಂಬರ್. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ಆ ಹೆಸರು ನಂಬಿ ಡಿಸ್ಕ್ ಎಳೆದರೆ ಚೆನ್ನಾಗಿರುವುದೇ ಕೈಗೆ ಬರಬಹುದು. ಪ್ರತಿ ಡಿಸ್ಕಿನ ಸೀರಿಯಲ್‌ನ ಕೊನೆಯ ನಾಲ್ಕು ಅಕ್ಷರಗಳನ್ನು ಚಿಕ್ಕ ಸ್ಟಿಕ್ಕರ್ ಮೇಲೆ ಬರೆದು ಟ್ರೇ ಮುಂದೆ ಅಂಟಿಸಿ. ಯಾವ ಡಿಸ್ಕ್ ಯಾವ ಬೇ (ಡಿಸ್ಕ್ ಕೂರುವ ಗೂಡು), ಯಾವ ಕೇಬಲ್, ಬೋರ್ಡಿನ ಯಾವ ಪೋರ್ಟ್ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳೆಲ್ಲ ಈ ಹಾಳೆಯ ಮೇಲೇ ನಿಂತಿವೆ.

ಡಿಸ್ಕಿನ ಸ್ಮಾರ್ಟ್ ವರದಿ ಓದುವುದು

ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಂಡಿರುತ್ತದೆ. ಇದಕ್ಕೆ ಸ್ಮಾರ್ಟ್ ಅಂತ ಹೆಸರು. ಓಪನ್‌ಮೀಡಿಯಾವಾಲ್ಟ್, ಅನ್‌ರೇಡ್‌ನಂಥ ಸರ್ವರ್ ಸಾಫ್ಟ್‌ವೇರ್‌ಗಳಲ್ಲಿ ಇದು ಬ್ರೌಸರ್‌ನಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿಕೊಂಡರೆ ಸಾಕು. ವರದಿ ಉದ್ದವಾಗಿರುತ್ತದೆ, ಆದರೆ ನಮಗೆ ಬೇಕಾದ ಸಾಲುಗಳು ಕೆಲವೇ. ಎಲ್ಲದರಲ್ಲೂ ಕೊನೆಯ ಕಾಲಂನಲ್ಲಿರುವ ‘ರಾ ವ್ಯಾಲ್ಯೂ’ ನೋಡಿ.

5, 197, 198 ಎಂಬ ನಂಬರಿನ ಸಾಲುಗಳು ಡಿಸ್ಕಿನ ಒಳಗಿನ ತಟ್ಟೆಗಳಿಗೆ ಸಂಬಂಧಿಸಿದವು. 5 ಅಂದರೆ ಕೆಟ್ಟ ಸೆಕ್ಟರ್ (ಡೇಟಾ ಇಡುವ ಚಿಕ್ಕ ತುಂಡು ಜಾಗ) ಬಿಟ್ಟು ಬೇರೆ ಕಡೆ ಜಾಗ ಮಾಡಿಕೊಂಡ ಲೆಕ್ಕ. 197 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳು. 198 ಅಂದರೆ ಡಿಸ್ಕ್ ತಾನೇ ಪರೀಕ್ಷಿಸಿಕೊಂಡಾಗಲೂ ಓದಲಾಗದವು. 199 ಬೇರೆಯದೇ ಜಾತಿ. ಡಿಸ್ಕಿಗೂ ಬೋರ್ಡಿಗೂ ನಡುವೆ ಡೇಟಾ ಹೋಗುವಾಗ ದಾರಿಯಲ್ಲಿ ಕೆಟ್ಟಿತು ಎಂಬ ಲೆಕ್ಕ ಅದು, ಅಂದರೆ ಕೇಬಲ್, ಕನೆಕ್ಟರ್ ಅಥವಾ ಬ್ಯಾಕ್‌ಪ್ಲೇನ್ (ಡಿಸ್ಕ್‌ಗಳು ನೇರ ಸಿಕ್ಕಿಕೊಳ್ಳುವ ಹಿಂದಿನ ಬೋರ್ಡ್). 194 ಬಿಸಿ. 12 ಮತ್ತು 192 ಕರೆಂಟ್ ಬಂದು ಹೋದ ಲೆಕ್ಕ.

199ರ ಎಣಿಕೆ ಯಾವತ್ತೂ ಸೊನ್ನೆಗೆ ಇಳಿಯುವುದಿಲ್ಲ. ಹಾಗಾಗಿ ಅಲ್ಲಿ ದೊಡ್ಡ ಸಂಖ್ಯೆ ಕಂಡ ತಕ್ಷಣ ಗಾಬರಿ ಬೇಡ. ಅದು ಹಿಂದಿನ ಕಂಪ್ಯೂಟರಿನಲ್ಲಿದ್ದಾಗ ಬಂದದ್ದೂ ಆಗಿರಬಹುದು. ಇವತ್ತಿನ ವರದಿ ಉಳಿಸಿಡಿ, ಒಂದು ವಾರ ಬಿಟ್ಟು ಮತ್ತೆ ನೋಡಿ. ಸಂಖ್ಯೆ ಏರುತ್ತಿದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯ.

ಇದರ ಜೊತೆಗೆ ‘ಎಕ್ಸ್‌ಟೆಂಡೆಡ್ ಸೆಲ್ಫ್ ಟೆಸ್ಟ್’ ಓಡಿಸಿ. 8 ಟಿಬಿ ಡಿಸ್ಕಿಗೆ ಅರ್ಧ ದಿನವೇ ಹಿಡಿಯಬಹುದು. ಆದರೂ ಇದನ್ನು ಬಿಡಬೇಡಿ ಅನ್ನುವುದಕ್ಕೆ ಕಾರಣ ಇದೆ. ಈ ಪರೀಕ್ಷೆ ಪೂರ್ತಿ ಡಿಸ್ಕಿನ ಒಳಗೇ ನಡೆಯುತ್ತದೆ. ಓದಿದ ಡೇಟಾ ಕೇಬಲ್ ದಾಟಿ ಹೊರಗೆ ಬರುವುದೇ ಇಲ್ಲ. ಆದ್ದರಿಂದ ಈ ಪರೀಕ್ಷೆ ಪಾಸಾಗಿ, ಸರ್ವರ್ ಮಾತ್ರ ಎರರ್ ಹೇಳುತ್ತಿದ್ದರೆ, ದೋಷ ಡಿಸ್ಕಿನ ಹೊರಗಿದೆ ಅಂತ ಹೆಚ್ಚುಕಡಿಮೆ ತೀರ್ಮಾನಿಸಬಹುದು. ಪರೀಕ್ಷೆಯೇ ಫೇಲಾದರೆ, 5 ಮತ್ತು 198 ಏರುತ್ತಿದ್ದರೆ, ಮುಂದೆ ಓದುವ ಮುನ್ನ ಡಿಸ್ಕನ್ನು ವಾರಂಟಿಗೆ ಕಳಿಸಿ. ಗೂಗಲ್‌ನವರು 2007ರಲ್ಲಿ ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದ್ದರು. ತಟ್ಟೆಗಳನ್ನು ಪರೀಕ್ಷಿಸುವಾಗ ಮೊದಲ ಎರರ್ (ಸ್ಕ್ಯಾನ್ ಎರರ್) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ಎರರ್ ಇಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ ಎಂದು ಅದರಲ್ಲಿತ್ತು. ಅಂಥ ಡಿಸ್ಕಿಗೆ ಕಾಯುತ್ತಾ ಕೂರಬಾರದು.

197 ಒಂದಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಬರೆಯುವಾಗಲೇ ಕರೆಂಟ್ ಹೋದರೂ ಇದು ಏರುತ್ತದೆ. ಆ ಜಾಗದ ಮೇಲೆ ಮತ್ತೆ ಬರೆದಾಗ ಇಳಿದು ಸೊನ್ನೆಯಾದರೆ, ಡಿಸ್ಕ್ ಸರಿ ಇದೆ, ಕರೆಂಟ್ ನೋಡಬೇಕು ಎಂದರ್ಥ.

ಬಿಸಿ

ಚಿಕ್ಕ ಕ್ಯಾಬಿನೆಟ್‌ನ ದೊಡ್ಡ ರೋಗ ಇದು. ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಒಂದು ಮೂರೂವರೆ ಇಂಚಿನ ಡಿಸ್ಕ್ ಕೆಲಸ ಮಾಡುವಾಗ ಸುಮಾರು 6ರಿಂದ 9 ವ್ಯಾಟ್ ಬಿಸಿ ಹೊರಹಾಕುತ್ತದೆ. ಐದು ಡಿಸ್ಕ್ ಸೇರಿದರೆ ಸುಮಾರು 40 ವ್ಯಾಟ್. ದೊಡ್ಡ ಟವರ್‌ನಲ್ಲಿ ಇದು ಲೆಕ್ಕಕ್ಕೇ ಇಲ್ಲ. ಹನ್ನೊಂದು ಲೀಟರಿನ ಪೆಟ್ಟಿಗೆಯಲ್ಲಿ, ಅದೂ ಡಿಸ್ಕ್‌ಗಳು ಒಂದಕ್ಕೊಂದು ತಾಗಿದಂತೆ ಕೂತಿರುವಾಗ, ಇದು ಬಹಳ. ಕಂಪನಿಗಳು ಈಗಿನ ಎನ್‌ಎಎಸ್ (ಸ್ಟೋರೇಜ್ ಸರ್ವರ್) ಡಿಸ್ಕ್‌ಗಳಿಗೆ ಸಾಮಾನ್ಯವಾಗಿ 60, 65 ಡಿಗ್ರಿ ಮಿತಿ ಹಾಕಿರುತ್ತವೆ. ಅದು ಎಲ್ಲೆ, ಅಲ್ಲಿಯವರೆಗೆ ಹೋಗಬಹುದು ಅಂತಲ್ಲ. 45 ದಾಟಬಾರದು ಅನ್ನುವುದು ನನ್ನ ಲೆಕ್ಕ, 50 ಮುಟ್ಟಿದರೆ ಕೈ ಹಾಕಲೇಬೇಕು. ಮೊದಲು ಹೇಳಿದ ಗೂಗಲ್ ಅಧ್ಯಯನದಲ್ಲಿ ಬಿಸಿಗೂ ಡಿಸ್ಕ್ ಸಾವಿಗೂ ಜನ ಅಂದುಕೊಂಡಷ್ಟು ನೇರ ಸಂಬಂಧ ಕಾಣಲಿಲ್ಲ, ನಿಜ. ಆದರೆ ತುಂಬಾ ಬಿಸಿಯಲ್ಲಿ ಮತ್ತು ವಯಸ್ಸಾದ ಡಿಸ್ಕ್‌ಗಳಲ್ಲಿ ಸಂಬಂಧ ಕಂಡಿತ್ತು. ನಮ್ಮ ಮನೆ ಸರ್ವರ್‌ಗಳಲ್ಲಿ ಇರುವುದು ಹೆಚ್ಚಾಗಿ ಅದೇ ಅಲ್ವಾ, ವಯಸ್ಸಾದ ಡಿಸ್ಕು, ಬಿಸಿ ಕೋಣೆ.

ಡಿಸ್ಕ್ ಎಷ್ಟು ಡಿಗ್ರಿ ಎಂದಷ್ಟೇ ನೋಡಿದರೆ ದೋಷ ಗೊತ್ತಾಗುವುದಿಲ್ಲ. ಕೋಣೆಗಿಂತ ಎಷ್ಟು ಜಾಸ್ತಿ ಎಂದು ನೋಡಿ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳು ಹೊರಗೇ 40 ದಾಟಿರುತ್ತದೆ. ಅಲ್ಲಿ ಡಿಸ್ಕ್ 48 ತೋರಿಸಿದರೆ ಕ್ಯಾಬಿನೆಟ್‌ನ ತಪ್ಪಲ್ಲ, ಕೋಣೆಯದು. ಮಡಿಕೇರಿಯಲ್ಲಿ ಜುಲೈ ತಿಂಗಳು 48 ತೋರಿಸಿದರೆ ಗಾಳಿ ಒಂದಿಷ್ಟೂ ಹೋಗುತ್ತಿಲ್ಲ ಎಂದೇ ಅರ್ಥ. ಎಲ್ಲ ಡಿಸ್ಕ್‌ಗಳ ಡೇಟಾ ಓದಿ ಸರಿ ಇದೆಯಾ ನೋಡುವ ಸ್ಕ್ರಬ್ ಅಥವಾ ಪ್ಯಾರಿಟಿ ಚೆಕ್ ಶುರುಮಾಡಿ, ಎರಡು ಗಂಟೆ ಬಿಟ್ಟು ಓದಿ. ಕೋಣೆಗಿಂತ 10, 12 ಡಿಗ್ರಿ ಮೇಲಿದ್ದರೆ ಕ್ಯಾಬಿನೆಟ್ ತನ್ನ ಕೆಲಸ ಮಾಡುತ್ತಿದೆ. 20 ಮೇಲಿದ್ದರೆ ಇಲ್ಲ.

ಈಗ ಗಾಳಿ ಎಲ್ಲಿ ತಪ್ಪಿಸಿಕೊಳ್ಳುತ್ತಿದೆ ಎಂದು ಹುಡುಕಬೇಕು. ಇದಕ್ಕೆ ಒಂದು ಟಿಶ್ಯೂ ಪೇಪರ್ ಸಾಕು. ಬೆರಳಗಲದ ಪಟ್ಟಿ ಹರಿದು, ತುದಿಯಲ್ಲಿ ಹಿಡಿದು, ಕ್ಯಾಬಿನೆಟ್‌ನ ಮುಂಭಾಗದ ತೂತುಗಳ ಹತ್ತಿರ ಮೆಲ್ಲಗೆ ಸರಿಸುತ್ತಾ ಹೋಗಿ. ಗಾಳಿ ಒಳಗೆ ಹೋಗುವ ಕಡೆ ಪಟ್ಟಿ ಅಂಟಿಕೊಳ್ಳುತ್ತದೆ. ಡಿಸ್ಕ್ ಟ್ರೇಗಳ ಮುಂದೆ ಅಂಟಿಕೊಳ್ಳದೆ ಪಕ್ಕದ ಸಂದಿಗಳಲ್ಲಿ, ಸ್ಕ್ರೂ ತೂತುಗಳಲ್ಲಿ ಅಂಟಿಕೊಂಡರೆ ವಿಷಯ ಸ್ಪಷ್ಟವಾಯಿತು. ನೀರು ತಗ್ಗಿಗೆ ಹರಿಯುವ ಹಾಗೆ ಗಾಳಿಯೂ ಸಲೀಸಾದ ದಾರಿ ಹಿಡಿಯುತ್ತದೆ. ಫ್ಯಾನ್ ತಿರುಗುತ್ತಿದೆ, ಗಾಳಿಯೂ ಬರುತ್ತಿದೆ, ಆದರೆ ಡಿಸ್ಕ್‌ಗಳ ನಡುವಿಂದ ಬರುತ್ತಿಲ್ಲ. ದಪ್ಪ ಡ್ರಾಯಿಂಗ್ ಶೀಟ್ ಕತ್ತರಿಸಿ ಆ ಪಕ್ಕದ ಸಂದಿಗಳನ್ನು ಮುಚ್ಚಿ ಟೇಪ್ ಹಾಕಿ ನೋಡಿ. ಅರ್ಧ ಗಂಟೆಯಲ್ಲೇ ಡಿಸ್ಕಿನ ಬಿಸಿ ಇಳಿಯತೊಡಗಿದರೆ ಕಾರಣ ಸಿಕ್ಕಿತು. ಆಮೇಲೆ ಅದೇ ಅಳತೆಗೆ ಫೋಮ್ ಶೀಟ್ ಕತ್ತರಿಸಿ ಖಾಯಂ ಮಾಡಿಕೊಳ್ಳಬಹುದು.

ಪಕ್ಕದ ಪ್ಯಾನಲ್ ತೆಗೆದು ನೋಡುವುದು ಇನ್ನೊಂದು ಪರೀಕ್ಷೆ. ಇಲ್ಲಿ ಬಹಳ ಜನ ಎಡವುತ್ತಾರೆ. ಪ್ಯಾನಲ್ ತೆಗೆದರೆ ತಂಪಾಗಲೇಬೇಕು ಎಂದೇನಿಲ್ಲ. ಹಿಂದಿನ ಫ್ಯಾನ್ ಗಾಳಿ ಎಳೆಯುವ ಕ್ಯಾಬಿನೆಟ್‌ಗಳಲ್ಲಿ, ಪ್ಯಾನಲ್ ತೆಗೆದ ಕೂಡಲೇ ಫ್ಯಾನ್ ಪಕ್ಕದಿಂದಲೇ ಗಾಳಿ ಎಳೆದುಕೊಂಡು, ಡಿಸ್ಕ್‌ಗಳ ನಡುವೆ ಗಾಳಿ ನಿಂತೇಹೋಗುತ್ತದೆ. ಬಿಸಿ ಏರುತ್ತದೆ. ಹಾಗಾದರೆ ಕ್ಯಾಬಿನೆಟ್‌ನ ಗಾಳಿದಾರಿ ಸರಿ ಇದೆ, ಫ್ಯಾನಿನ ಶಕ್ತಿ ಸಾಲದು ಎಂದು ತಿಳಿಯಿರಿ. ಪ್ಯಾನಲ್ ತೆಗೆದಾಗ ಬಿಸಿ ಚೆನ್ನಾಗಿ ಇಳಿದರೆ, ಒಳಗೆ ಗಾಳಿ ಬರುವ ಬಾಗಿಲೇ ಕಟ್ಟಿಕೊಂಡಿದೆ. ಮುಂದಿನ ಜಾಲರಿಯ ಫಿಲ್ಟರ್ ಬಿಚ್ಚಿ ನೋಡಿ. ರಸ್ತೆ ಪಕ್ಕದ ಮನೆಯಾದರೆ ಎರಡು ಮೂರು ತಿಂಗಳಿಗೇ ಅದು ಬೂದು ಬಣ್ಣದ ಬಟ್ಟೆಯ ಥರ ಆಗಿರುತ್ತದೆ. ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಫ್ಯಾನಿನ ವೇಗದ ವಿಷಯದಲ್ಲಿ ನನಗೆ ಪದೇ ಪದೇ ಸಿಗುವ ದೋಷ ಒಂದಿದೆ. ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್ ಆದ ಬಯಾಸ್ ಫ್ಯಾನನ್ನು ಪ್ರೊಸೆಸರಿನ ಬಿಸಿ ನೋಡಿ ಓಡಿಸುತ್ತದೆ, ಡಿಸ್ಕಿನ ಬಿಸಿ ನೋಡಿ ಅಲ್ಲ. ಇಂಟೆಲ್ ಎನ್100 ಥರದ 6 ವ್ಯಾಟಿನ ಪ್ರೊಸೆಸರ್ ಯಾವಾಗಲೂ ತಂಪಾಗಿಯೇ ಇರುತ್ತದೆ. ಹಾಗಾಗಿ ಫ್ಯಾನ್ ತೂಕಡಿಸುತ್ತಾ ತಿರುಗುತ್ತದೆ. ಪಕ್ಕದಲ್ಲಿ ಐದು ಡಿಸ್ಕ್ ಬೇಯುತ್ತಿರುವುದು ಅದಕ್ಕೆ ಗೊತ್ತೇ ಇಲ್ಲ. ಬಯಾಸ್‌ಗೆ ಹೋಗಿ ಡಿಸ್ಕ್ ಕಡೆಯ ಫ್ಯಾನಿಗೆ ಕನಿಷ್ಠ ವೇಗ 60 ಪರ್ಸೆಂಟ್ ಅಂತ ಕಟ್ಟಿಬಿಡಿ. ಸುಲಭದ ಪರಿಹಾರ ಇದು. ಇನ್ನೂ ಚೆನ್ನಾಗಿ ಬೇಕು ಅನ್ನುವವರಿಗೆ ಲಿನಕ್ಸ್ ಕರ್ನಲ್ 5.6ರಿಂದ ‘ಡ್ರೈವ್‌ಟೆಂಪ್’ ಎಂಬ ಮಾಡ್ಯೂಲ್ ಇದೆ. ಅದು ಡಿಸ್ಕಿನ ಬಿಸಿಯನ್ನು ಬೋರ್ಡಿನ ಉಳಿದ ಸೆನ್ಸರ್‌ಗಳ ಸಾಲಿಗೆ ತಂದುಕೊಡುತ್ತದೆ. ‘ಫ್ಯಾನ್‌ಕಂಟ್ರೋಲ್’ ಎಂಬ ಪ್ರೋಗ್ರಾಂ ಅದನ್ನು ನೋಡಿ ಫ್ಯಾನ್ ಓಡಿಸುವಂತೆ ಮಾಡಬಹುದು.

ಇಟ್ಟ ಜಾಗವನ್ನೂ ನೋಡಿ. ಗಾಜಿನ ಬಾಗಿಲ ಶೋಕೇಸಿನೊಳಗೆ ಇಟ್ಟರೆ ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಅಟ್ಟದ ಮೇಲೆ ಇಡಲೇಬೇಡಿ. ತಾರಸಿಯ ಕೆಳಗಿನ ಕೋಣೆಯಾದರೆ ಹಗಲು ಕಾದ ಸಿಮೆಂಟು ರಾತ್ರಿಯೆಲ್ಲ ಬಿಸಿ ಬಿಡುತ್ತಲೇ ಇರುತ್ತದೆ. ಜನ ಸ್ಕ್ರಬ್ ಇಟ್ಟಿರುವುದೂ ರಾತ್ರಿಗೇ. ಅಂಥ ಮನೆಯಲ್ಲಿ ಸ್ಕ್ರಬ್ಬನ್ನು ಬೆಳಗಿನ ಜಾವಕ್ಕೆ ಬದಲಾಯಿಸಿ.

ಕೇಬಲ್, ಬ್ಯಾಕ್‌ಪ್ಲೇನ್

199 ಏರುತ್ತಿದ್ದರೆ, ಅಥವಾ ಕರ್ನಲ್ ಲಾಗ್‌ನಲ್ಲಿ ‘ಹಾರ್ಡ್ ರೀಸೆಟಿಂಗ್ ಲಿಂಕ್’ ಎಂಬ ಸಾಲು ಪದೇ ಪದೇ ಕಂಡರೆ, ಇಲ್ಲಿಗೆ ಬನ್ನಿ. 6 ಜಿಬಿಪಿಎಸ್ ಇರಬೇಕಾದ ಲಿಂಕ್ 3ಕ್ಕೋ 1.5ಕ್ಕೋ ಇಳಿದಿದ್ದರೂ ಅದೇ ಅರ್ಥ. ಎರರ್ ಬಂದಾಗ ಬೋರ್ಡ್ ತಾನಾಗಿ ವೇಗ ತಗ್ಗಿಸಿ ಹೇಗೋ ನಿಭಾಯಿಸುತ್ತಿದೆ.

ದಾವಣಗೆರೆಯಲ್ಲಿ ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ಫೋನ್ ಮಾಡಿ, “ಅಣ್ಣಾ, ಮುಚ್ಚಳ ತೆಗೆದಿಟ್ರೆ ಸರ್ವರ್ ಸರಿ ಇರುತ್ತೆ, ಮುಚ್ಚಿದ್ರೆ ಮೂರನೇ ಡಿಸ್ಕ್ ಕೈ ಕೊಡುತ್ತೆ” ಅಂದ. ಬಿಸಿ ಇರಬಹುದಾ ಅಂತ ಕೇಳಿದೆ. ಡಿಸ್ಕ್ 39 ಡಿಗ್ರಿಯಲ್ಲಿತ್ತು. ಹೋಗಿ ನೋಡಿದಾಗ, ಡಿಸ್ಕನ್ನು ಬೋರ್ಡಿಗೆ ಜೋಡಿಸುವ ನೇರ ತಲೆಯ ಸಾಟಾ ಕೇಬಲ್‌ಗೂ ಪಕ್ಕದ ಪ್ಯಾನಲ್‌ಗೂ ನಡುವೆ ಜಾಗವೇ ಇರಲಿಲ್ಲ. ಪ್ಯಾನಲ್ ಹಾಕಿ ಸ್ಕ್ರೂ ಬಿಗಿದಾಗ ಅದು ಕೇಬಲ್‌ನ ತಲೆಯನ್ನು ಒತ್ತಿ, ಕನೆಕ್ಟರ್ ಕೂದಲೆಳೆಯಷ್ಟು ಓರೆಯಾಗುತ್ತಿತ್ತು. ಮುಚ್ಚಳದ ಒಳಬದಿಯಲ್ಲಿ ಕೇಬಲ್ ಉಜ್ಜಿದ ಸಣ್ಣ ಹೊಳೆಯುವ ಗುರುತೂ ಇತ್ತು. ಮೊಣಕೈ ಆಕಾರದ ತಲೆಯ ಕೇಬಲ್ ಹಾಕಿದ ಮೇಲೆ 199 ಅಲ್ಲಿಗೇ ನಿಂತಿತು. ಆ ಹುಡುಗ ಅಷ್ಟರಲ್ಲಿ ಒಂದು ಹೊಸ ಡಿಸ್ಕ್ ಕೊಂಡಾಗಿತ್ತು.

ಆದ್ದರಿಂದ ಮೊದಲು ಪ್ಯಾನಲ್ ಒಳಬದಿ ನೋಡಿ, ಉಜ್ಜಿದ ಗುರುತಿದೆಯಾ ಅಂತ. ಮಿನಿ ಐಟಿಎಕ್ಸ್ ಬೋರ್ಡ್ 170 ಮಿಲಿಮೀಟರ್ ಚೌಕ. ಅದರ ಅಂಚಿನಿಂದ ಡಿಸ್ಕ್ ಪಂಜರದವರೆಗೆ ಕೆಲವು ಕ್ಯಾಬಿನೆಟ್‌ಗಳಲ್ಲಿ ಎರಡು ಬೆರಳು ಜಾಗವೂ ಇರುವುದಿಲ್ಲ. ಅಲ್ಲಿ ಉದ್ದದ ಕೇಬಲ್ ತುರುಕಿ ಸುತ್ತಿ ಕಟ್ಟುವುದಕ್ಕಿಂತ ಚಿಕ್ಕ, ತೆಳು ಕೇಬಲ್ ಒಳ್ಳೆಯದು. ಕೊಕ್ಕೆ ಇರುವುದನ್ನೇ ತನ್ನಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ನಾಲ್ಕು ಥರದ ತಲೆಯ ಕೇಬಲ್‌ಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಬಾಗು ಯಾವ ಕಡೆಗಿದೆ ಅನ್ನುವುದು ಫೋಟೋದಲ್ಲಿ ಸರಿಯಾಗಿ ತಿಳಿಯುವುದಿಲ್ಲ.

ಬ್ಯಾಕ್‌ಪ್ಲೇನ್ ಇರುವ ಕ್ಯಾಬಿನೆಟ್ ಆದರೆ ಅದಲುಬದಲು ಪರೀಕ್ಷೆ ಮಾಡಿ. ಸರ್ವರ್ ಪೂರ್ತಿ ಆರಿಸಿ. ದೂರು ಬಂದ ಡಿಸ್ಕನ್ನು ಇನ್ನೊಂದು ಬೇ ಒಳಗೆ ಹಾಕಿ, ಅಲ್ಲಿದ್ದದ್ದನ್ನು ಇಲ್ಲಿಗೆ ತನ್ನಿ. ಡಿಸ್ಕ್‌ಗಳನ್ನು ಒಟ್ಟುಗೂಡಿಸುವ ಝಡ್‌ಎಫ್‌ಎಸ್ ಆಗಲಿ ಲಿನಕ್ಸ್ ರೇಡ್ ಆಗಲಿ ಡಿಸ್ಕ್ ಯಾವ ಬೇಯಲ್ಲಿದೆ ಎಂದು ತಲೆಕೆಡಿಸಿಕೊಳ್ಳುವುದಿಲ್ಲ. ದೋಷ ಡಿಸ್ಕಿನ ಜೊತೆ ಹೋದರೆ ಡಿಸ್ಕಿನದು. ಹಳೆಯ ಬೇಯಲ್ಲೇ ಉಳಿದರೆ ಬ್ಯಾಕ್‌ಪ್ಲೇನ್, ಕೇಬಲ್ ಅಥವಾ ಬೋರ್ಡಿನ ಪೋರ್ಟ್. ಆಮೇಲೆ ಕೇಬಲ್ ಮಾತ್ರ ಬದಲಿಸಿ, ಮತ್ತೆ ಪೋರ್ಟ್ ಮಾತ್ರ. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋಗಬಹುದು, ಆದರೆ ಯಾವುದು ಕೆಟ್ಟಿತ್ತು ಎಂದು ಗೊತ್ತಾಗುವುದೇ ಇಲ್ಲ, ಕೆಟ್ಟ ಕೇಬಲ್ ಡ್ರಾಯರ್‌ನಲ್ಲೇ ಉಳಿಯುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಕನೆಕ್ಟರ್‌ಗಳನ್ನು ಬಿಚ್ಚಿದಾಗ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಡಲ ಗಾಳಿಗೆ ಪಿನ್‌ಗಳು ಮಾಸುತ್ತವೆ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಒಣಗಿದ ಮೇಲೆ ಹಾಕಿದರೆ ಹೆಚ್ಚಿನವು ಸರಿಹೋಗುತ್ತವೆ.

ಕರೆಂಟ್

ಸರ್ವರ್ ಆನ್ ಮಾಡಿದಾಗ ಒಂದು ಡಿಸ್ಕ್ ಕಾಣುವುದಿಲ್ಲ, ರೀಬೂಟ್ ಮಾಡಿದರೆ ಬರುತ್ತದೆ. ಇದು ಕರೆಂಟ್ ಸಾಲದ ಲಕ್ಷಣ.

ಡಿಸ್ಕ್ ಓಡುವಾಗ ಕಡಿಮೆ ಕರೆಂಟ್ ತಿನ್ನುತ್ತದೆ. ನಿಂತ ತಟ್ಟೆಗಳನ್ನು ತಿರುಗಿಸಲು ಶುರುಮಾಡುವ ಮೊದಲ ಕೆಲವು ಸೆಕೆಂಡುಗಳಲ್ಲಿ ಮಾತ್ರ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಐದು ಡಿಸ್ಕ್ ಒಟ್ಟಿಗೆ ಎದ್ದರೆ 10 ಆಂಪಿಯರ್, ಅಂದರೆ 120 ವ್ಯಾಟ್. ಈಗಿನ ಎಸ್‌ಎಂಪಿಎಸ್‌ಗಳಿಗೆ (ಕಂಪ್ಯೂಟರಿನ ಪವರ್ ಸಪ್ಲೈ) ಇದು ಕಷ್ಟವಲ್ಲ. ತೊಂದರೆ ಇರುವುದು ನಡುವಿನ ವೈರಿನಲ್ಲಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್, ಒಟ್ಟು 4.5. ಚಿಕ್ಕ ಎಸ್‌ಎಂಪಿಎಸ್‌ನಲ್ಲಿ ಸಾಟಾ ತಲೆಗಳು ಕಡಿಮೆ ಇರುತ್ತವೆ ಅಂತ ಒಂದು ತಲೆಗೆ ಒಂದಕ್ಕೆ ನಾಲ್ಕು ಮಾಡುವ ಸ್ಪ್ಲಿಟರ್ ಹಾಕಿದರೆ, 4.5ರ ಬಾಗಿಲಲ್ಲಿ 8 ಆಂಪಿಯರ್ ನುಗ್ಗುತ್ತದೆ. ವೋಲ್ಟೇಜ್ ಕುಸಿದು, ಕೊನೆಯ ಡಿಸ್ಕ್ ಏಳುವುದಿಲ್ಲ.

ಇದನ್ನು ಖಚಿತಮಾಡಿಕೊಳ್ಳಲು ಮೀಟರ್ ಕೂಡ ಬೇಕಾಗಿಲ್ಲ. ಸ್ಮಾರ್ಟ್‌ನ 12ನೇ ಸಾಲು ನೋಡಿ. ಡಿಸ್ಕಿಗೆ ಎಷ್ಟು ಸಲ ಕರೆಂಟ್ ಬಂತು ಎಂಬ ಲೆಕ್ಕ ಅದು. ಸರ್ವರ್ ತಿಂಗಳಿಂದ ಆಫ್ ಆಗಿಲ್ಲ, ನಾಲ್ಕು ಡಿಸ್ಕ್‌ಗಳಲ್ಲಿ ಸಂಖ್ಯೆ ಹಾಗೇ ಇದೆ, ಒಂದರಲ್ಲಿ ಮಾತ್ರ ಏರಿದೆ ಅಂದರೆ, ಆ ಡಿಸ್ಕಿಗೆ ಓಡುತ್ತಿರುವಾಗಲೇ ಕರೆಂಟ್ ತಪ್ಪುತ್ತಿದೆ. ಅದರ ಪವರ್ ಕನೆಕ್ಟರ್ ತೆಗೆದು ಮೂಸಿ ನೋಡಿ, ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದೆಯಾ ನೋಡಿ. ತಿರುಗಿದ್ದರೆ ಆ ಸ್ಪ್ಲಿಟರ್ ಮತ್ತೆ ಬಳಸಬೇಡಿ. ಮೋಲೆಕ್ಸ್ ಎಂಬ ಹಳೆಯ ನಾಲ್ಕು ಪಿನ್ನಿನ ಪವರ್ ಕನೆಕ್ಟರ್‌ನಿಂದ ಸಾಟಾಗೆ ಬದಲಿಸುವ ಅಗ್ಗದ ಅಡಾಪ್ಟರ್‌ಗಳಲ್ಲಿ, ವೈರುಗಳನ್ನು ಒಳಗಿಟ್ಟು ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರಲ್ಲ, ಅವು ಒಳಗೇ ಶಾರ್ಟ್ ಆಗಿ ಕರಗಿ ಬೆಂಕಿ ಹತ್ತಿದ ಉದಾಹರಣೆಗಳಿವೆ. ಒಂದೊಂದು ವೈರನ್ನೂ ಬೇರೆ ಬೇರೆ ಒತ್ತಿ ಕೂರಿಸಿದ ಕನೆಕ್ಟರ್ ತಗೊಳ್ಳಿ. ಎಸ್‌ಎಂಪಿಎಸ್‌ನಿಂದ ಹೊರಡುವ ಬೇರೆ ಬೇರೆ ವೈರುಗಳಿಗೆ ಡಿಸ್ಕ್‌ಗಳನ್ನು ಹಂಚಿ. ಒಂದೇ ವೈರಿನ ಮೇಲೆ ಎಲ್ಲ ಹೊರೆ ಹಾಕಬೇಡಿ.

ಹೊಸ ಡಿಸ್ಕ್ ಹಾಕಿದರೆ ಸದ್ದೇ ಇಲ್ಲ, ತಿರುಗುವುದೇ ಇಲ್ಲ ಅಂದರೆ ಅದು ಬೇರೆ ಕತೆ. ಯುಎಸ್‌ಬಿ ಡಬ್ಬದಿಂದ ಬಿಚ್ಚಿ ತೆಗೆದ ಡಿಸ್ಕ್‌ಗಳಲ್ಲಿ ಇದು ಜಾಸ್ತಿ. ಸಾಟಾ ಪವರ್‌ನ ಮೂರನೇ ಪಿನ್ನಿಗೆ ಹೊಸ ನಿಯಮದಲ್ಲಿ ‘ಡಿಸ್ಕ್ ಆಫ್ ಮಾಡು’ ಎಂಬ ಕೆಲಸ ಕೊಟ್ಟಿದ್ದಾರೆ. ಹಳೆಯ ಮಾದರಿಯ ಎಸ್‌ಎಂಪಿಎಸ್ ಅದೇ ಪಿನ್ನಿಗೆ 3.3 ವೋಲ್ಟ್ ಕೊಡುತ್ತದೆ. ಡಿಸ್ಕ್ ಅದನ್ನು ಆಫ್ ಎಂದು ತಿಳಿದು ಸುಮ್ನೆ ಕೂರುತ್ತದೆ. ಡಿಸ್ಕಿನ ಮೊದಲ ಮೂರು ಪವರ್ ಪಿನ್‌ಗಳ ಮೇಲೆ ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯದ ತೆಳು ಟೇಪ್) ಅಂಟಿಸಿದರೆ ಎದ್ದುಬಿಡುತ್ತದೆ. ಮೋಲೆಕ್ಸ್‌ನಿಂದ ಕರೆಂಟ್ ಪಡೆಯುವ ಬ್ಯಾಕ್‌ಪ್ಲೇನ್ ಇದ್ದರೆ ಈ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ, ಏಕೆಂದರೆ ಮೋಲೆಕ್ಸ್‌ನಲ್ಲಿ 3.3 ವೋಲ್ಟ್ ವೈರೇ ಇಲ್ಲ.

ಎಲ್ಲ ಡಿಸ್ಕ್‌ಗಳಲ್ಲೂ 12 ಮತ್ತು 192 ಒಟ್ಟಿಗೆ ಏರುತ್ತಿದ್ದರೆ ದೋಷ ಮನೆಯ ಕರೆಂಟಿನದು. ಇನ್ವರ್ಟರ್ ಇದೆಯಲ್ಲ ಅನ್ನಬೇಡಿ. ಬಹಳ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಎಂಬ ಸ್ವಿಚ್ ಇರುತ್ತದೆ. ನಾರ್ಮಲ್ ಮೋಡ್‌ನಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಹೊತ್ತಿಗೆ ಎಸ್‌ಎಂಪಿಎಸ್ ಕೈಬಿಟ್ಟಿರುತ್ತದೆ. ಫ್ಯಾನು ಲೈಟಿಗೆ ಅದು ಗೊತ್ತಾಗುವುದಿಲ್ಲ, ಸರ್ವರಿಗೆ ಗೊತ್ತಾಗುತ್ತದೆ. ಸ್ವಿಚ್ ಬದಲಿಸಿ, ಆದರೆ ಸರ್ವರಿಗೆ ಬೇರೆಯದೇ ಚಿಕ್ಕ ಯುಪಿಎಸ್ ಹಾಕುವುದು ಇನ್ನೂ ಒಳ್ಳೆಯದು. ಅದರ ಯುಎಸ್‌ಬಿ ವೈರ್ ಸರ್ವರಿಗೆ ಕೊಟ್ಟು, ಬ್ಯಾಟರಿ ಮುಗಿಯುವ ಮುನ್ನ ತಾನೇ ಶಟ್‌ಡೌನ್ ಆಗುವಂತೆ ಮಾಡಿಡಿ.

ನಡುಕ

ಡಿಸ್ಕ್‌ಗಳೆಲ್ಲ ಸರಿ ಇವೆ, ಬಿಸಿಯಿಲ್ಲ, ಎರರ್ ಇಲ್ಲ, ಆದರೆ ನಿಧಾನ. ಜೊತೆಗೆ ‘ಗುಂಯ್’ ಅನ್ನುವ ಸದ್ದು ಏರುತ್ತಾ ಇಳಿಯುತ್ತಾ ಬರುತ್ತದೆ. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸಲ ಸುತ್ತುತ್ತದೆ. ಪಕ್ಕದ ಡಿಸ್ಕೂ ಅಷ್ಟೇ, ಆದರೆ ಕರಾರುವಾಕ್ಕಾಗಿ ಅಷ್ಟೇ ಅಲ್ಲ. ಆ ಸಣ್ಣ ವ್ಯತ್ಯಾಸವೇ ಏರಿಳಿಯುವ ಗುಂಯ್. ತೆಳು ತಗಡಿನ ಚಿಕ್ಕ ಕ್ಯಾಬಿನೆಟ್‌ನಲ್ಲಿ ಈ ನಡುಕ ಒಂದರಿಂದ ಒಂದಕ್ಕೆ ದಾಟಿ, ಓದುವ ಹೆಡ್ ದಾರಿ ತಪ್ಪಿ ಮತ್ತೆ ಮತ್ತೆ ಪ್ರಯತ್ನಿಸಬೇಕಾಗುತ್ತದೆ. ನಂಬಲಿಕ್ಕಾಗದಿದ್ದರೆ, 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಇಂಜಿನಿಯರ್ ಬ್ರೆಂಡನ್ ಗ್ರೆಗ್ ಓಡುತ್ತಿದ್ದ ಡಿಸ್ಕ್‌ಗಳ ಮುಂದೆ ನಿಂತು ಜೋರಾಗಿ ಕಿರುಚಿ, ಅವು ತಡವರಿಸಿದ್ದನ್ನು ಗ್ರಾಫ್‌ನಲ್ಲಿ ತೋರಿಸಿದ್ದರು. ಕಿರುಚಿದರೇ ಹೀಗಾದರೆ ಇಡೀ ದಿನದ ನಡುಕ ಏನು ಮಾಡೀತು!

ಪರೀಕ್ಷೆ ಸುಲಭ. ಕ್ಯಾಬಿನೆಟ್ ಮೇಲೆ ಅಂಗೈ ಒತ್ತಿ. ಸದ್ದು ಬದಲಾದರೆ ತಗಡು ನಡುಗುತ್ತಿದೆ. ಡಿಸ್ಕ್ ಸ್ಕ್ರೂಗಳು ಸಮನಾಗಿ ಬಿಗಿದಿವೆಯಾ, ರಬ್ಬರ್ ಬುಷ್‌ಗಳು ಇವೆಯಾ ನೋಡಿ. ಪೆಟ್ಟಿಗೆಯನ್ನು ಕಬ್ಬಿಣದ ರ‍್ಯಾಕ್‌ನಿಂದ ಇಳಿಸಿ ದಪ್ಪ ರಬ್ಬರ್ ಮ್ಯಾಟ್ ಮೇಲಿಡಿ.

ಎಲ್ಲ ಡಿಸ್ಕೂ ಒಟ್ಟಿಗೆ ಮಾಯವಾದರೆ

ಒಂದೇ ಹೊತ್ತಿಗೆ ನಾಲ್ಕು ಡಿಸ್ಕ್ ಸಾಯುವುದಿಲ್ಲ. ಅವೆಲ್ಲ ಹಾದುಹೋಗುವ ಒಂದು ಜಾಗ ಕೆಟ್ಟಿದೆ. ಹೆಚ್ಚು ಡಿಸ್ಕ್ ಜೋಡಿಸಲು ಸಾಟಾ ಕಾರ್ಡ್ ಹಾಕಿದ್ದರೆ ಅದರ ಚಿಪ್ ಮುಟ್ಟಿ ನೋಡಿ, ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಅದೇ ಕಾರಣ. ಹಳೆಯ ಸರ್ವರ್‌ಗಳಿಂದ ಬಂದ ಎಲ್‌ಎಸ್‌ಐ ಕಂಪನಿಯ ಡಿಸ್ಕ್ ಕಾರ್ಡ್‌ಗಳು ಜೋರು ಗಾಳಿಯ ರ‍್ಯಾಕ್‌ಗಾಗಿ ಮಾಡಿದವು. ಚಿಕ್ಕ ಕ್ಯಾಬಿನೆಟ್‌ನ ಮೂಲೆಯಲ್ಲಿ ಅವಕ್ಕೆ ಉಸಿರೇ ಇಲ್ಲ. ಹೀಟ್‌ಸಿಂಕ್ ಮೇಲೆ 40 ಮಿಲಿಮೀಟರ್ ಫ್ಯಾನ್ ಕೂರಿಸಿ. ಬೋರ್ಡಿನ ಎಂ.2 ಎಂಬ ಚಪ್ಪಟೆ ಸ್ಲಾಟ್‌ನಲ್ಲಿ ಹಾಕುವ ಸಾಟಾ ಕಾರ್ಡ್‌ಗಳಿಗೂ ಚಿಕ್ಕ ಹೀಟ್‌ಸಿಂಕ್ ಬೇಕು. ಡಿಸ್ಕ್ ಮಾಯವಾಗದೆ ಎಲ್ಲದರಲ್ಲೂ ಚೆಕ್‌ಸಮ್ ಎರರ್ (ಓದಿದ ಡೇಟಾ ಬರೆದದ್ದಕ್ಕೆ ತಾಳೆಯಾಗದ ದೋಷ) ಬರುತ್ತಿದ್ದರೆ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ, ರ‍್ಯಾಮ್ ಇರಬಹುದು.

ಕ್ಯಾಬಿನೆಟ್ಟೇ ಬದಲಿಸಬೇಕು ಅಂದರೆ

ಇಷ್ಟೆಲ್ಲ ನೋಡಿದ ಮೇಲೂ ಡಿಸ್ಕ್ ಕೋಣೆಗಿಂತ 20 ಡಿಗ್ರಿ ಮೇಲೇ ಇದ್ದರೆ ಆ ಕ್ಯಾಬಿನೆಟ್ ನಿಮ್ಮ ಮನೆಗಲ್ಲ. ಹೊಸದು ಆರಿಸುವಾಗ ಎಲ್ಲರೂ ಎಷ್ಟು ಬೇ ಇದೆ, ಎಷ್ಟು ಲೀಟರ್ ಅಂತ ಮೊದಲು ನೋಡುತ್ತಾರೆ. ನಾನು ಹಿಂದಿನಿಂದ ತೆಗೆದ ಫೋಟೋ ಮೊದಲು ನೋಡುತ್ತೇನೆ. ಬ್ಯಾಕ್‌ಪ್ಲೇನ್‌ನಲ್ಲಿ ತೂತುಗಳು ಎಷ್ಟಿವೆ? ಹಸಿರು ಬೋರ್ಡ್ ಇಡೀ ಗೋಡೆಯಂತೆ ನಿಂತಿದ್ದರೆ ಹಿಂದೆ ಎಂಥ ಫ್ಯಾನ್ ಇದ್ದರೂ ಪ್ರಯೋಜನ ಇಲ್ಲ. ಡಿಸ್ಕ್ 26 ಮಿಲಿಮೀಟರ್ ದಪ್ಪ. ಎರಡು ಡಿಸ್ಕ್‌ಗಳ ನಡುವೆ ಪೆನ್ಸಿಲ್ ತೂರುವಷ್ಟಾದರೂ ಜಾಗ ಬೇಕು. ಫ್ಯಾನ್ 15 ಮಿಲಿಮೀಟರ್ ತೆಳುವೋ 25 ಮಿಲಿಮೀಟರ್ ದಪ್ಪವೋ? ಸಂದಿಯಲ್ಲಿ ಗಾಳಿ ಎಳೆಯಲು ದಪ್ಪದ್ದೇ ಬೇಕು.

ಮೂರು ಹೆಸರು ಹೇಳುತ್ತೇನೆ. ಜಾನ್ಸ್‌ಬೋ ಎನ್2 ಸುಮಾರು 11 ಲೀಟರ್, ಐದು ಡಿಸ್ಕ್, ಹಿಂದೆ ಒಂದು ತೆಳು 120 ಮಿಲಿಮೀಟರ್ ಫ್ಯಾನ್. ಪ್ರೊಸೆಸರ್ ಕೂಲರ್ 65 ಮಿಲಿಮೀಟರ್ ಎತ್ತರ ಮೀರಬಾರದು. ಬೆಂಗಳೂರು, ಮೈಸೂರಿನ ಹವೆಗೆ, 5400 ಆರ್‌ಪಿಎಂ ಡಿಸ್ಕ್‌ಗಳಿಗೆ ಸರಿಹೋದೀತು. ಅದೇ ಕಂಪನಿಯ ಎನ್3 ಸುಮಾರು 18 ಲೀಟರ್, ಎಂಟು ಡಿಸ್ಕ್, ಎರಡು ದಪ್ಪ 100 ಮಿಲಿಮೀಟರ್ ಫ್ಯಾನ್. ಇವೆರಡಕ್ಕೂ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯ ಎಸ್‌ಎಂಪಿಎಸ್ ಬೇಕು, ಅದು ಮಾಮೂಲಿಗಿಂತ ದುಬಾರಿ. ಮಿನಿ ಐಟಿಎಕ್ಸ್ ಬೋರ್ಡ್‌ಗಳಲ್ಲಿ ಸಾಟಾ ಪೋರ್ಟ್ ಹೆಚ್ಚಾಗಿ ನಾಲ್ಕೇ ಇರುತ್ತವೆ. ಎಂಟು ಬೇ ತುಂಬಬೇಕಾದರೆ ಇರುವ ಒಂದೇ ಸ್ಲಾಟ್ ಸಾಟಾ ಕಾರ್ಡಿಗೆ ಹೋಗುತ್ತದೆ, 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡಿಗೆ ಜಾಗ ಉಳಿಯುವುದಿಲ್ಲ. ಫ್ರ್ಯಾಕ್ಟಲ್ ಡಿಸೈನ್ ನೋಡ್ 304 ಸುಮಾರು 20 ಲೀಟರ್, ಆರು ಡಿಸ್ಕ್. ಬ್ಯಾಕ್‌ಪ್ಲೇನ್ ಇಲ್ಲ, ಡಿಸ್ಕ್ ಎಳೆದು ಹಾಕುವ ಸುಖವಿಲ್ಲ, ಬದಲಿಸಬೇಕಾದರೆ ಮುಚ್ಚಳ ಬಿಚ್ಚಬೇಕು. ಆದರೆ ಮುಂದೆ ಎರಡು 92 ಮಿಲಿಮೀಟರ್, ಹಿಂದೆ ಒಂದು 140 ಮಿಲಿಮೀಟರ್ ಫ್ಯಾನ್ ಇದೆ. ಮುಂದಿನ ಗಾಳಿ ನೇರ ಡಿಸ್ಕ್ ಮೇಲೆ ಬೀಳುತ್ತದೆ, ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ಕೂರುತ್ತದೆ.

ಉತ್ತರ ಕರ್ನಾಟಕದ ಬೇಸಿಗೆಗೆ, ಎಸಿ ಇಲ್ಲದ ಕೋಣೆಗೆ ಯಾರಾದರೂ ಕೇಳಿದರೆ ನಾನು ಈ ಮೂರನೆಯ ಥರದ್ದನ್ನೇ ಹೇಳುತ್ತೇನೆ. ಡಿಸ್ಕ್ ಬದಲಿಸುವ ಕೆಲಸ ವರ್ಷಕ್ಕೊಮ್ಮೆಯೂ ಬರುವುದಿಲ್ಲ, ಗಾಳಿ ಮಾತ್ರ ದಿನದ 24 ಗಂಟೆಯೂ ಬೇಕು. ಯಾವುದನ್ನೇ ತಂದರೂ ಡಿಸ್ಕ್ ಹಾಕುವ ಮುನ್ನವೇ ಕೇಬಲ್ ಎಲ್ಲ ಸಿಕ್ಕಿಸಿ, ಪ್ಯಾನಲ್ ಮುಚ್ಚಿ, ಎಲ್ಲಾದರೂ ಒತ್ತುತ್ತಿದೆಯಾ ನೋಡಿ. ಆಮೇಲೆ ಎಲ್ಲ ಬೇ ತುಂಬಿ, ಹಳೆಯ ಡೇಟಾ ತರುವ ಮೊದಲು ಒಂದು ದಿನ ಖಾಲಿ ಡಿಸ್ಕ್‌ಗಳ ಮೇಲೆ ಪೂರ್ತಿ ಓದುವ ಪರೀಕ್ಷೆ ಓಡಿಸಿ. 194 ಎಲ್ಲಿಗೆ ನಿಲ್ಲುತ್ತದೆ, 199 ಸೊನ್ನೆಯಲ್ಲೇ ಇದೆಯಾ ಎಂದು ಮೊದಲು ಮಾಡಿದ ಹಾಳೆಯಲ್ಲೇ ಬರೆದಿಡಿ. ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿಯುವ ಮುನ್ನ ಇದನ್ನು ಮಾಡಿ ಮುಗಿಸಿ.